ಹೋಟೆಲಿನ ಗೋಡೆಯ ಹಿಂದಿನ ಕೂಗು

"ಸಾಕು ನೀರು ಸುರುವಿಕೊಂಡಿದ್ದು! ಏಳು! ಇದು ನಮ್ಮ ನಾಲ್ಕು ಗ್ವಾಡಿ ದಾಟಬಾರದು, ತಿಳೀತಿಲ್ಲೋ?" ಕಮಳಾಬಾಯಿ ಬಚ್ಚಲ ಬಾಗಿಲಲ್ಲಿ ನಿಂತು ಮಗಳನ್ನು ಗದರಿದಳು. ಸೋನುಬಾಯಿ ಉಟ್ಟ ಸೀರೆಯಲ್ಲೇ ಕುಳಿತು ತಣ್ಣೀರು ಸುರಿದುಕೊಳ್ಳುತ್ತಲೇ ಇದ್ದಳು. ಆಕೆಗೆ ಕುಂಕುಮ ಹಚ್ಚಿ ಮದುವೆ ಗೊತ್ತುಮಾಡಲು ಕಲ್ಯಾಣ ಊರಿನ ವರನ ಕಡೆಯವರು ಸೋಮವಾರ ಬರುವವರಿದ್ದರು.

ಸೊಸೆ ದ್ರೌಪತಿ ಒಳಗೆ ಹೋಗಿ ನಾದಿನಿಯ ಕೈಯಿಂದ ತಂಬಿಗೆ ತೆಗೆದುಕೊಂಡಳು. ಮದುವೆಯಾಗಿ ನಾಲ್ಕು ವರ್ಷವಾದರೂ ಅತ್ತೆಯೆದುರು ಎರಡು ಮಾತು ಹೆಚ್ಚಿಗೆ ಆಡಿದವಳಲ್ಲ ಅವಳು. ಆದರೆ ಅವಳ ಕಣ್ಣು ಎಲ್ಲವನ್ನೂ ನೋಡುತ್ತಿತ್ತು. ಒಡೆದ ಬಳೆ, ಮುಂಗೈಯ ಗಾಯ...

"ಯಾರು, ಸೋನಾ?"

"ಅಡತಿ ಅಂಗಡಿ ದತ್ತಾತ್ರಿ, ವೈನಿ... ಅಣ್ಣಗ ಬುತ್ತಿ ಕೊಟ್ಟು ಹೋಟೆಲಿನ ಹಿಂದಿನ ಓಣಿಯಿಂದ ಬರಾಕತ್ತಿದ್ದೆ. ಕೈ ಹಿಡದು ಎಳದ. 'ಬ್ಯಾಡ ಅಂದ್ರ ಬಾ ಅಂದಂಗ' ಅಂತ ನಕ್ಕ. ನಾ ಒದರಿದೆ, 'ಬಿಡೋ, ಯಾರರೆ ಬರ್ರೋ' ಅಂತ ಒದರಿದೆ! ಗ್ವಾಡಿ ಆ ಕಡೆ ಎಲ್ಲಾರಿಗೂ ಕೇಳಿಸ್ತು. ಎಲ್ಲಾರೂ... ಎಲ್ಲಾರೂ ನಕ್ಕರು ವೈನಿ!"

ಆಮೇಲಿನದನ್ನು ಆಕೆ ಹೇಳಲಿಲ್ಲ. ದ್ರೌಪತಿ ಕೇಳಲೂ ಇಲ್ಲ.

'ಬ್ಯಾಡ ಅಂದ್ರ ಬಾ ಅಂದಂಗ' ಎಂಬ ಆ ಮಾತು ಗ್ರಾಮೋಫೋನಿನದು. ದ್ರೌಪತಿಯ ಗಂಡ, ಸೋನುಬಾಯಿಯ ಅಣ್ಣ ಉತ್ತಮ, ಹುಮನಾಬಾದಿನ ತನ್ನ ಚಹಾದ ಹೋಟೆಲಿಗೆ ಹೈದರಾಬಾದಿನಿಂದ ಅದನ್ನು ತಂದಿದ್ದ. ಜತೆಗೊಂದು ನಗೆಯ ರಿಕಾರ್ಡು. ಅದರಲ್ಲಿ ಒಬ್ಬನು ಜೋಳದ ಹೊಲದಲ್ಲಿ ಹುಡುಗಿಯನ್ನು ಹಿಡಿದೆಳೆಯುತ್ತಾನೆ, ಆಕೆ ಕೂಗುತ್ತಾಳೆ, ಅವನು ಆ ಮಾತು ಹೇಳುತ್ತಾನೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಡುವ ಮಕ್ಕಳು ಕೂಡ ಓಣಿಯಲ್ಲಿ ಹುಡುಗಿಯರ ಜಡೆ ಹಿಡಿದು ಅದನ್ನೇ ಅನ್ನತೊಡಗಿದ್ದರು.

"ಹೋಟೆಲಿಗೆ ಹೋಗಿ ಎಲ್ಲಾರ ಮುಂದ ಹೇಳೂಣು. ಬರ್ತಿಯೇನ ಸೋನಾ?"

ಸೋನುಬಾಯಿ ಎದ್ದಳು. ಒದ್ದೆ ಸೀರೆ ಹಿಂಡಿದಳು.

"ಹೊಸ್ತಿಲ ದಾಟಬ್ಯಾಡ್ರಿ! ಕಲ್ಯಾಣದವರ ಕಿವಿಗೆ ಬಿದ್ರ ಇಕಿನ್ನ ಯಾರು ಕಟ್ಕೋತಾರ?" ಕಮಳಾಬಾಯಿ ಅಡ್ಡ ನಿಂತಳು.

"ಯಾರೂ ಕಟ್ಕೊಳ್ಳಿಲ್ಲಂದ್ರ ನಾ ಉಣ್ಣೋದ್ರಾಗ ಅರ್ಧಾ ಉಣ್ತಾಳ, ಅತ್ತಿ. ದಾರಿ ಬಿಡ್ರಿ."

ಹೋಟೆಲಿನಲ್ಲಿ ಅದೇ ರಿಕಾರ್ಡು ತಿರುಗುತ್ತಿತ್ತು. ದತ್ತಾತ್ರಿಯೂ ಬಸಿಯಲ್ಲಿ ಚಹಾ ಸುರಿದುಕೊಂಡು ಕುಳಿತಿದ್ದ. ಎಂದೂ ಅಲ್ಲಿ ಕಾಲಿಡದ ದ್ರೌಪತಿ ನೇರ ಒಳಗೆ ನಡೆದು ಸೂಜಿ ಎತ್ತಿದಳು.

"ಹೊತ್ತು ನೆತ್ತಿಗಿದ್ದಾಗ ಈ ಗ್ವಾಡಿ ಹಿಂದ ಒಂದು ಹೆಣ್ಣು ಒದರಿತ್ತು. ಯಾರ್ಯಾರು ಕೇಳೀರಿ?"

ಬಟ್ಟೆ ವ್ಯಾಪಾರಿ ಅಬ್ದುಲ್ ಕರೀಂ ಮುದುಕ ಗಡ್ಡ ನೀವಿದ. "ಎಲ್ಲಾರೂ ಕೇಳಿದ್ವಿ ಬೇಟಿ. ಈ ಗ್ರಾಮೋಫೋನ್ ಬಾಜಾ ಅಂದ್ಕೊಂಡ್ವಿ."

"ಬಾಜಾ... ಆಗ ನಿಂತಿತ್ತು," ಎಂದ ಉತ್ತಮ. ಅವನ ಮುಖ ಬಿಳಿಚಿಕೊಂಡಿತು. "ನಾ ಸೂಜಿ ಬದಲಿ ಮಾಡಾಕತ್ತಿದ್ದೆ. ಹೊರಗ ಯಾರೋ ಅಣಕಾ ಮಾಡ್ಲಿಕತ್ತಾರ ಅಂತ ನಕ್ಕೆ... ಯಾರದು? ದ್ರೌಪತಿ, ಯಾರದು?"

"ನಾ, ಅಣ್ಣಾ!" ಸೋನುಬಾಯಿ ಮುಂದೆ ಬಂದಳು. ಒದ್ದೆ ಕೈ ನೀಡಿ ತೋರಿಸಿದಳು. "ನನ್ನ ಕೆಡಿಸಿದಾಂವ ಅಲ್ಲಿ ಕುಂತಾನ."

"ಚ್ಯಾಷ್ಟಿ ಮಾಡಿದ್ನವ್ವಾ!" ದತ್ತಾತ್ರಿ ಸುತ್ತ ನೋಡಿದ. "ನೀವೆಲ್ಲಾ ದಿನಾ ನಗಂಗಿಲ್ಲೇನ್ರಪ್ಪಾ?"

ಮೂಲೆಯಲ್ಲಿ ಒಬ್ಬ ಕಿಸಕ್ಕೆಂದ. ಉತ್ತಮ ಅವನತ್ತ ತಿರುಗಿದ. ಆ ನಕ್ಕವನು ಚಹಾ ಬಿಟ್ಟು ಎದ್ದುಹೋದ. ಉತ್ತಮ ತಂಗಿಯ ಎದುರು ಬಂದ. ಅವನ ಕಣ್ಣು ತುಂಬಿದ್ದವು.

"ನಕ್ಕೆನವ್ವಾ... ನಾನೂ ನಕ್ಕೆ!"

"ಅಳಬ್ಯಾಡಣ್ಣಾ. ಠಾಣೆಗೆ, ಅಮೀನಸಾಹೇಬರ ಕಡೆ ನಡಿ."

"ಸಾಕ್ಷಿ-ಗವಾಹಿ ನಾ ಕೊಡ್ತೀನಿ," ಎಂದು ಅಬ್ದುಲ್ ಕರೀಂ ಕೋಲು ಊರಿ ಎದ್ದ. "ಕೇಳಿ ನಕ್ಕೆ ಅಂತನೂ ಹೇಳ್ತೀನಿ."

ಹಿಂದೆಯೇ ಓಡಿಬಂದ ಕಮಳಾಬಾಯಿ ಬಾಗಿಲಲ್ಲಿ ಕುಸಿದಳು. "ಸೋಮವಾರ ಅವರು ಬಂದ್ರ ಏನ್ ಹೇಳ್ಲಿ ನಾ?"

"ನೀ ಏನೂ ಹೇಳಬ್ಯಾಡವ್ವಾ. ನಾನೇ ಹೇಳ್ತೀನಿ," ಎಂದಳು ಮಗಳು.

ನಡುಬಜಾರಿನಲ್ಲಿ, ಎಲ್ಲರ ಕಣ್ಣೆದುರು, ಸೋನುಬಾಯಿ ಮುಂದೆ ನಡೆದಳು. ಅಣ್ಣ, ವೈನಿ, ಮುದುಕ ಆಕೆಯ ಹಿಂದೆ.