ತೂಕವಿಲ್ಲದವಳು

ಬಂಡಿಗೆ ಎತ್ತು ಕಟ್ಟಬೇಕೆಂದು ಯಾರಿಗೂ ತೋಚದಿದ್ದ ಕಾಲದಲ್ಲಿ, ಗಾಲೀಪುರವೆಂಬ ಒಂದು ರಾಜ್ಯವಿತ್ತು. ಅಲ್ಲಿ ಬಂಡಿಗಳನ್ನು ಎಳೆಯುತ್ತಿದ್ದುದು ಮಾತು. ಓಟಕ್ಕೆ ಮುಂಚೆ ಗೋಪುರದ ಮೇಲಿಂದ ಪರಾಕು ಕೂಗುತ್ತಿದ್ದರು: ಇವನು ಇಂಥವನು, ಇಂಥವರ ಮಗ, ವೇಗ ಇಷ್ಟು, ತೂಕ ಇಷ್ಟು, ಹಿಡಿತ ಇಷ್ಟು. ಒಂದರಿಂದ ಐದರವರೆಗೆ ಎಷ್ಟು ಕೂಗಿದರೆ ಅಷ್ಟು. ಕೂಗಿದ್ದು ಕೂಗಿದ ಹಾಗೆ ಆಗುತ್ತಿತ್ತು.

ಪರಾಕು ಕೂಗುವವನು ಉಗ್ಗಡಯ್ಯ ಎಂಬ ಮಾಂತ್ರಿಕ. ಒಮ್ಮೆ ಅವನು ದೊರೆಯನ್ನು ಹೊಗಳುವ ಭರದಲ್ಲಿ, "ನಮ್ಮ ದೊರೆ ಬಹಳ ತೂಕದ ಮನುಷ್ಯರು!" ಎಂದು ಗೋಪುರದ ಮೇಲಿಂದಲೇ ಕೂಗಿಬಿಟ್ಟ. ಅಂದಿನಿಂದ ದೊರೆಗೆ ಸಿಂಹಾಸನದಿಂದ ಏಳಲು ಆಗಿಲ್ಲ. ಏಳದ ದೊರೆಯ ರಾಜ್ಯದಲ್ಲಿ ಮಾಂತ್ರಿಕನದೇ ದರ್ಬಾರು. ಓಟದಲ್ಲಿ ಸೋತವರಿಗೆ ಅವನು "ವೇಗ ಸೊನ್ನೆ!" ಎಂದು ಕೂಗುತ್ತಿದ್ದ. ಅವರು ನಿಂತಲ್ಲೇ ಕಲ್ಲಾಗಿ ದಾರಿಯ ಬದಿಯಲ್ಲಿ ಉಳಿಯುತ್ತಿದ್ದರು.

ಆ ಕಲ್ಲುಗಳಲ್ಲಿ ಒಂದು ಮಾಚ. ಅವನ ತಂಗಿ ಕೆಂಚಿ.

ಈ ಕೆಂಚಿ ಒಂದು ಕಡೆ ಕೂತವಳಲ್ಲ. ಉಣ್ಣುವಾಗಲೂ ಎದ್ದು ಓಡಾಡುವಳು, ನಿದ್ದೆಯಲ್ಲೂ ಕಾಲಾಡಿಸುವಳು. ಅಣ್ಣ ಕಲ್ಲಾದ ಮೇಲೆ ಅವಳಿಗೆ ಇದ್ದಬದ್ದ ನೆಮ್ಮದಿಯೂ ಹೋಯಿತು. ದಿನವೂ ಕಲ್ಲಿನ ಸುತ್ತ ಸುತ್ತಿ ಸುತ್ತಿ ಅಲ್ಲಿ ಹುಲ್ಲೇ ಬೆಳೆಯಲಿಲ್ಲ. ಅಣ್ಣನೂ ಅವಳ ಹಾಗೇ ಚಡಪಡಿಸುವ ಜೀವ. ಅವನು ಅಲ್ಲಾಡದೆ ನಿಂತಿರುವುದನ್ನು ನೋಡಿದರೆ ಅವಳಿಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು.

ರಾಜ್ಯದಲ್ಲಿ ಒಂದು ಹಳೆಯ ಕಟ್ಟಳೆಯಿತ್ತು. ಮೂರೂ ಓಟ ಗೆದ್ದವರಿಗೆ ಒಂದು ದಿನ ಗೋಪುರ ಸಿಗುತ್ತಿತ್ತು. ಅಂದು ಅವರು ಕೂಗಿದ್ದೇ ಪರಾಕು. ಆದರೆ ಗೆಲ್ಲುತ್ತಿದ್ದುದು ಘುರ್ಕ ಎಂಬ ಮಾಯಾಹಂದಿ. ಅವನಿಗೆ ಉಗ್ಗಡಯ್ಯ ಎಲ್ಲದರಲ್ಲೂ ಐದು ಕೂಗುತ್ತಿದ್ದ.

"ನಾನೂ ಓಡಿಸ್ತೀನಿ," ಎಂದಳು ಕೆಂಚಿ.

"ಸೋತರೆ ನೀನೂ ಕಲ್ಲಾಗ್ತೀಯಲ್ಲೇ!" ಎಂದು ತಾಯಿ ಅತ್ತಳು.

"ಸುಮ್ನೆ ಕೂತಿದ್ರೆ ಈಗ್ಲೇ ಆಗ್ತೀನಿ ಕಣವ್ವಾ."

ಮೊದಲ ಓಟ ಗುಡ್ಡದ ಮೇಲಿಂದ ಕೆಳಕ್ಕೆ. ಉಗ್ಗಡಯ್ಯ ಕೂಗಿದ: "ಕೆಂಚಿ! ವೇಗ ಒಂದು, ತೂಕ ಐದು!" ಅವಳು ಯಾರ ಮಗಳು, ಎಂಥವಳು ಎಂಬುದನ್ನು ಹೇಳಲೇ ಇಲ್ಲ. ಬಂಡಿ ಬಂಡೆಯಂತಾಯಿತು. ಘುರ್ಕ ಬಂದು ರಪ್ಪನೆ ಗುದ್ದಿದ. ಅವಳ ಬಂಡಿ ಅಲುಗಲಿಲ್ಲ, ಅವನದೇ ಅಚ್ಚು ಮುರಿಯಿತು. ಇಳಿಜಾರಿನಲ್ಲಿ ಭಾರಕ್ಕೆ ಯಾರ ಅಪ್ಪಣೆ ಬೇಕು? ಉರುಳಿ ಉರುಳಿ ಕೆಂಚಿ ಗೆದ್ದಳು.

ಎರಡನೆಯ ಓಟ ಬಯಲಿನಲ್ಲಿ. "ಕೆಂಚಿ! ಹಿಡಿತ ಒಂದು!" ಎಂದು ಕೂಗಿದ. ಈ ಸಲವೂ ಯಾರ ಮಗಳು ಎನ್ನಲಿಲ್ಲ. ಬಂಡಿ ಅತ್ತ ಇತ್ತ ಜಾರಿತು. ಸಾಲದ್ದಕ್ಕೆ ಘುರ್ಕ ಬಾಳೆಹಣ್ಣು ತಿಂದು ತಿಂದು ದಾರಿತುಂಬ ಸಿಪ್ಪೆ ಎಸೆದ. ಮೊದಲೇ ಜಾರುವವಳನ್ನು ಸಿಪ್ಪೆ ಏನು ಮಾಡೀತು? ಇನ್ನೂ ಜೋರಾಗಿ ಜಾರಿ, ಅಡ್ಡಡ್ಡಲಾಗಿ ಗೆರೆ ದಾಟಿ ಗೆದ್ದಳು. ಹಣ್ಣು ತಿನ್ನುತ್ತಿದ್ದ ಹಂದಿ ಹಿಂದೆ ಉಳಿಯಿತು.

ಮೂರನೆಯ ಓಟಕ್ಕೆ ಉಗ್ಗಡಯ್ಯ ಎಚ್ಚೆತ್ತ. "ಕೆಂಚಿ! ಎಲ್ಲಾ ಒಂದು!" ಎಂದು ಮುಗಿಸಿದ. ಬಂಡಿ ಬಸವನಹುಳುವಿನ ಹಾಗೆ ತೆವಳಿತು. ಎದುರಿಗೆ ದೊಡ್ಡ ಕೆಸರಿನ ಕಂದಕ. ಅದನ್ನು ಬಳಸಿಕೊಂಡು ಹೋಗುವ ಹಾದಿಯಲ್ಲಿ ಘುರ್ಕ ಆಗಲೇ ಅರ್ಧ ದೂರ ಓಡಿದ್ದ. ಕೆಂಚಿಗೆ ಅಂಗಾಲು ನವೆ. ಕಂದಕದ ಅಂಚಿನಲ್ಲಿ ಅಣ್ಣನ ಕಲ್ಲು ಕಾಣಿಸಿತು. ಸೋತರೆ ಅದರ ಪಕ್ಕ ತಾನು! ಅವಳಿಗೆ ಅಳು ಒತ್ತಿಬಂತು.

ಆಗ ಅವಳ ಕಣ್ಣು ಗೋಪುರದ ಬುಡದಲ್ಲಿ ಸಿಂಹಾಸನಕ್ಕೆ ಅಂಟಿ ಕೂತ ದೊರೆಯ ಮೇಲೆ ಬಿತ್ತು. ಪಾಪ, ಅವನನ್ನು ಕೂರಿಸಿದ್ದು ಅಂಕಿಯಲ್ಲ, ಬರಿಯ ಒಂದು ಮಾತು. ಕೆಂಚಿ ಕಣ್ಣೊರೆಸಿಕೊಂಡು ಬಂಡಿಯ ಮೇಲೆ ಎದ್ದು ನಿಂತಳು.

"ಓ ಉಗ್ಗಡಯ್ಯನೋರೇ! ಮೂರನೇ ಓಟ ಬಂತು, ನಾನು ಎಂಥವಳು ಅಂತ ಒಂದ್ಸಲನಾದ್ರೂ ಕೂಗಿದ್ರಾ? ಗಂಟಲು ಕಟ್ಟಿದ್ರೆ ಶುಂಠಿ ಕಷಾಯ ಕಳಿಸ್ಲಾ?"

ಜನ ಗೊಳ್ಳೆಂದು ನಕ್ಕರು. ಉಗ್ಗಡಯ್ಯನಿಗೆ ಮೈ ಉರಿದುಹೋಯಿತು. ಗೋಪುರದ ಮೇಲಿದ್ದೇನೆ ಎಂಬುದೂ ಮರೆಯಿತು.

"ನೀನೆಂಥವಳು ಅಂತ ಬೇರೆ ಕೂಗ್ಬೇಕಾ? ಒಂದು ತೂಕ ಇಲ್ಲದವಳು! ನೆಲದ ಮೇಲೆ ಕಾಲು ನಿಲ್ಲದವಳು! ಕಾಲಿಗೆ ಚಕ್ರ ಕಟ್ಟಿಕೊಂಡವಳು!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೆಂಚಿಯ ತೂಕ ಇಲ್ಲವಾಯಿತು. ಕಾಲು ನೆಲ ಬಿಟ್ಟಿತು. ಎರಡೂ ಪಾದಗಳಲ್ಲಿ ಪುಟ್ಟ ಚಕ್ರಗಳು ಗಿರ್ರನೆ ತಿರುಗಿದವು. ಬಂಡಿಯನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಕಂದಕದ ಮೇಲೆ ನೇರವಾಗಿ ಹಾರಿಹೋದಳು.

ಅದನ್ನು ಕಂಡು ಘುರ್ಕನೂ ಹಾದಿ ಬಿಟ್ಟು ಕಂದಕಕ್ಕೆ ಜಿಗಿದ. ತೂಕ ಐದಲ್ಲವೇ, ನಡುಮಧ್ಯೆ ದೊಪ್ಪನೆ ಬಿದ್ದ. ಬಿದ್ದವನು ಏಳಲಿಲ್ಲ. ಅಂಥ ಕೆಸರನ್ನು ಬಿಟ್ಟು ಯಾವ ಹಂದಿ ಎದ್ದುಬರುತ್ತದೆ?

ಮೂರನೆಯ ಓಟವನ್ನೂ ಗೆದ್ದು ಕೆಂಚಿ ಗೋಪುರ ಹತ್ತಿದಳು. ಜನ ಕೆಳಗಿನಿಂದ, "ಉಗ್ಗಡಯ್ಯನಿಗೆ ವೇಗ ಸೊನ್ನೆ ಕೂಗು!" ಎಂದು ಬೊಬ್ಬೆ ಹಾಕಿದರು. ಕೆಂಚಿ ಅಣ್ಣನ ಕಲ್ಲಿನ ಕಡೆ ನೋಡಿದಳು. ಕಲ್ಲಾಗುವ ಪಾಡು ಹಗೆಗೂ ಬೇಡ ಎನ್ನಿಸಿತು.

"ಉಗ್ಗಡಯ್ಯ! ಕೂಗು ಸೊನ್ನೆ!" ಎಂದಳು. ಅವನ ಬಾಯಿ ಆಡಿತು, ದನಿ ಹೊರಡಲಿಲ್ಲ. "ದೊರೆಗಳೇ, ತೂಕ ನಿಮ್ಮ ಮಾತಿನಲ್ಲಿರಲಿ, ಮೈಯಲ್ಲಿ ಬೇಡ!" ಎಂದಳು. ದೊರೆ ಎದ್ದು ಮೈಮುರಿದ. ಆಮೇಲೆ ಅವಳು ಕಲ್ಲುಗಳ ಕಡೆ ತಿರುಗಿ, ಎದೆ ಬಿರಿಯುವ ಹಾಗೆ ಕೂಗಿದಳು:

"ನನ್ನಣ್ಣ ಮಾಚ! ಕೂತಲ್ಲಿ ಕೂರದವನು! ಅವನ ಜೊತೆ ನಿಂತವರೆಲ್ಲ ಅವನಂಥವರೇ!"

ಸಾಲುಸಾಲು ಕಲ್ಲುಗಳು ಅಲುಗಿದವು, ಮೈಕೊಡವಿದವು. ಮಾಚ ಒಂದು ಹೆಜ್ಜೆ ಇಟ್ಟು ತಡವರಿಸಿದ.

"ಕೆಂಚೀ, ಕಾಲು ಜೋಮು ಹಿಡಿದಿದೆ ಕಣೇ. ಬಂದು ಕೈ ಕೊಡು."

ಅವಳು ಮೆಟ್ಟಿಲಿಳಿಯುವಷ್ಟು ತಾಳ್ಮೆಯವಳೇ? ಗೋಪುರದಿಂದಲೇ ಹಾರಿ ಬಂದು ಕೈ ಕೊಟ್ಟಳು.

ಅಂದಿನಿಂದ ಗಾಲೀಪುರದಲ್ಲಿ ಅವರವರ ಪರಾಕನ್ನು ಅವರವರೇ ಕೂಗಿಕೊಂಡು ಸುಖವಾಗಿದ್ದಾರೆ. ಕೆಂಚಿಯ ಮನೆಗೆ ಹೋಗಿ ಅವಳೆಲ್ಲಿ ಎಂದು ಕೇಳಿ ನೋಡಿ. ಮಾಚ ಹೊಸ್ತಿಲಲ್ಲಿ ಚಡಪಡಿಸುತ್ತಾ, "ಅಯ್ಯೋ, ಈಗ ತಾನೇ ಹೋದಳಲ್ಲ!" ಎನ್ನುತ್ತಾನೆ.