ಮಾಯಾಕನ್ನಡಿಯೂ ಹುಣಸೆಯ ಅಳಗುಳಿಮಣೆಯೂ

ಬಹಳ ಬಹಳ ಹಿಂದೆ, ನಮ್ಮ ಅಜ್ಜಿಯರ ಅಜ್ಜಿಯರು ಇನ್ನೂ ತೊಟ್ಟಿಲು ಕಾಣದ ಕಾಲದಲ್ಲಿ, ಮಣಿಕೂಟವೆಂಬ ರಾಜ್ಯದಲ್ಲಿ ಧವಳಸೇನನೆಂಬ ರಾಜಕುಮಾರನಿದ್ದ. ಕತೆಗಳ ರಾಜಕುಮಾರರು ಬಿಳಿ ಕುದುರೆ ಏರುತ್ತಾರೆ, ಬೇಟೆಗೆ ಹೋಗುತ್ತಾರೆ, ಉಪ್ಪರಿಗೆಯಲ್ಲಿ ಕುಳಿತು ವೀಣೆ ಕೇಳುತ್ತಾರೆ. ಇವನಿಗೆ ಅದಕ್ಕೆಲ್ಲ ಪುರಸೊತ್ತೆಲ್ಲಿತ್ತು? ಬೆಳಗಾದರೆ ಕೋಟೆಯ ಬಾಗಿಲು ತೆಗೆಯುವವನು ಅವನೇ. ಆನೆಗೆ ಮೇವು ಹಾಕುವವನು ಅವನೇ. ಅಡುಗೆಮನೆಯ ಒಲೆ ಹಚ್ಚಿ, ಸಿಂಹಾಸನದ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಪ್ರಜೆಗಳ ದೂರು ಕೇಳಿ, ಸಂಜೆಗೆ ಬೀದಿದೀಪ ಹಚ್ಚುವವನೂ ಅವನೇ. ದಣಿದು ದಣಿದು ಅವನ ಕಣ್ಣು ಗುಳಿಬಿದ್ದಿದ್ದವು. ಹೆಸರಿಗೆ ರಾಜಕುಮಾರ, ದುಡಿತ ಇಡೀ ಊರಿನದು.

ಯಾಕೆಂದರೆ ಸಿಂಹಾಸನದ ಮೇಲಿನ ರಾಜರಾಣಿಯರಿಂದ ಹಿಡಿದು ಊರಿನವರೆಲ್ಲ ಕನ್ನಡಿ ನೋಡುತ್ತಿದ್ದರು.

ಆ ಕನ್ನಡಿಗಳನ್ನು ತಂದವನು ಉಗ್ರಾಕ್ಷನೆಂಬ ಮಾಯಾವಿ. ಅಂಗೈಯಗಲದ ಕನ್ನಡಿ, ಮನೆಮನೆಗೆ ಹೋಗಿ ಒಬ್ಬೊಬ್ಬರ ಕೈಗೂ ಒಂದೊಂದು ಪುಕ್ಕಟೆಯಾಗಿ ಇಟ್ಟು ಹೋದ. ಅದರಲ್ಲಿ ಏನುಂಟು, ಏನಿಲ್ಲ! ದೂರದೂರಿನ ನೆಂಟರ ಮುಖ ಕಾಣುತ್ತಿತ್ತು, ಮಾತೂ ಕೇಳುತ್ತಿತ್ತು. ಕತ್ತಲಲ್ಲಿ ಬೆಳಕಾಗುತ್ತಿತ್ತು, ಗೊತ್ತಿಲ್ಲದ ಊರಲ್ಲಿ ದಾರಿ ತೋರಿಸುತ್ತಿತ್ತು, ಹಸಿವೆಂದರೆ ಪೇಟೆಯಿಂದ ಊಟ ತರಿಸುತ್ತಿತ್ತು. ಇಷ್ಟೇ ಆಗಿದ್ದರೆ ಯಾರ ಗಂಟು ಹೋಗುತ್ತಿತ್ತು? ಅದರೊಳಗೆ ಆಟಗಳೂ ಇದ್ದವು. ಬಣ್ಣದ ಹಣ್ಣು ಜೋಡಿಸುವ ಆಟ, ಜಿಂಕೆ ಓಡಿಸುವ ಆಟ, ಕೋಟೆ ಕಟ್ಟುವ ಆಟ. ಒಂದು ಸುತ್ತು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದುಕೊಳ್ಳುತ್ತಿತ್ತು. ಬೇಸರಗೊಂಡು ಕೆಳಗಿಟ್ಟರೆ, "ಪಕ್ಕದ ಮನೆಯವಳು ನಿನ್ನನ್ನು ಹಿಂದೆ ಹಾಕಿದಳು ನೋಡು" ಎಂದು ಪಿಸುಗುಟ್ಟುತ್ತಿತ್ತು. ಆ ಕನ್ನಡಿಯಲ್ಲಿ ಯಾವ ಆಟವೂ ಒಂದು ಸಲವೂ ಮುಗಿದಿರಲಿಲ್ಲ.

ಆಡುವವರ ನಿದ್ದೆ ಚೂರು ಚೂರಾಗಿ ಕನ್ನಡಿಯೊಳಗೆ ಇಳಿಯುತ್ತಿತ್ತು. ನಿದ್ದೆಯೆಲ್ಲ ಇಳಿದ ಮೇಲೆ ನೆರಳು ಇಳಿಯುತ್ತಿತ್ತು. ನೆರಳೂ ಹೋದ ಮೇಲೆ ಆಡುವವರೇ ಇಳಿದುಹೋಗುತ್ತಿದ್ದರು. ತೋಟಗಾರನ ಹೆಂಡತಿ ಹಾಗೇ ಹೋದಳು. ಅವಳ ಕನ್ನಡಿ ಜಗಲಿಯ ಮೇಲೆ ಬಿದ್ದಿತ್ತು, ಅದರೊಳಗೆ ಅವಳ ಮುಖವಿತ್ತು. ತೋಟಗಾರನಿಗೆ ಅದು ಇನ್ನೂ ಗೊತ್ತಾಗಿರಲಿಲ್ಲ. ಅವನೂ ತನ್ನ ಕನ್ನಡಿ ನೋಡುತ್ತಿದ್ದ.

ಧವಳಸೇನನಿಗೆ ಕೇತಕಿ ಎಂಬ ತಂಗಿಯಿದ್ದಳು. ಒಂದು ಸಂಜೆ ಅವನು ದೀಪ ಹಿಡಿದು ಅವಳ ಕೋಣೆಗೆ ಹೋದ. ಗೋಡೆಯ ಮೇಲೆ ಅವನ ನೆರಳು ಬಿತ್ತು, ಮಂಚದ ನೆರಳು ಬಿತ್ತು. ಕೇತಕಿಯ ನೆರಳು ಬೀಳಲಿಲ್ಲ.

"ಕೇತಕೀ, ಊಟಕ್ಕೆ ಬಾರಮ್ಮಾ."

"ಬಂದೆ ಅಣ್ಣಾ. ಇದೊಂದು ಮುಗೀಲಿ," ಎಂದಳು. ತಲೆ ಎತ್ತಲಿಲ್ಲ.

ಧವಳಸೇನ ದೀಪವನ್ನು ಅಲ್ಲೇ ಇಟ್ಟ. ಇಬ್ಬರನ್ನೂ ಎತ್ತಿ ಆಡಿಸಿದ ದಾದಿ ಹೊನ್ನಜ್ಜಿಯ ಬಳಿಗೆ ಓಡಿದ. ಅಜ್ಜಿಗೆ ಕಣ್ಣು ಕಾಣದು, ಹಾಗಾಗಿ ಕನ್ನಡಿಯ ಮಾಯೆ ಅವಳಿಗೆ ತಟ್ಟಿರಲಿಲ್ಲ.

"ನೆರಳು ಹೋಯ್ತಾ? ಅಯ್ಯೋ ಮಗಾ, ಹಾಗಾದ್ರೆ ಹುಣ್ಣಿಮೆ ಹೊತ್ತಿಗೆ ಹುಡುಗೀನೂ ಹೋಗ್ತಾಳೆ," ಎಂದ ಅಜ್ಜಿ ಹಾಸಿಗೆಯಡಿ ತಡಕಾಡಿ ಒಂದು ಮಣೆ ತೆಗೆದಳು. ಮೀನಿನ ಆಕಾರದ ಅಳಗುಳಿಮಣೆ, ನಡುವೆ ಕೀಲು. ಬಿಚ್ಚಿದರೆ ಎರಡು ಸಾಲು ಗುಳಿ. ಜೊತೆಗೆ ಒಂದು ಚೀಲ ಹುಣಸೆಬೀಜ. "ಇದು ಹುಣಸೇಮರದ್ದು ಕಣಪ್ಪಾ. ಸಂಜೆಯಾದ್ರೆ ಎಲೆ ಮಡಚಿ ಮಲಗೋ ಮರ ಅದು. ಆಟ ಮುಗಿದ ಮೇಲೆ ಏನ್ ಮಾಡ್ಬೇಕು, ನೆನಪಿದೆಯಾ?"

ನೆನಪಿರದೆ ಏನು? ಸೋತವರು ಮಣೆ ಮಡಚಬೇಕು, ಗೆದ್ದವರು ದೀಪ ಸಣ್ಣ ಮಾಡಬೇಕು, ಆಮೇಲೆ ಇಬ್ಬರೂ ಮಲಗಬೇಕು. ಅದು ಹೊನ್ನಜ್ಜಿಯ ಕಟ್ಟಳೆ. ಚಿಕ್ಕವಳಿದ್ದಾಗ ಕೇತಕಿ ಲಂಗದಡಿ ಬೀಜ ಬಚ್ಚಿಟ್ಟು ಗೆಲ್ಲುತ್ತಿದ್ದಳು, ಧವಳಸೇನ ಬಾಯಿ ಬಿಡದೆ ಮಣೆ ಮಡಚುತ್ತಿದ್ದ.

ಅವನು ತಂಗಿಯ ಮುಂದೆ ಮಣೆ ಬಿಚ್ಚಿ ನೋಡಿದ. ಅವಳು ಒಂದು ಗುಳಿಯ ಬೀಜ ಎತ್ತಿದಳು, ಕನ್ನಡಿ ಪಿಸುಗುಟ್ಟಿತು, ಬೀಜ ಕೈಯಿಂದ ಉದುರಿತು. ಹೀಗಾದರೆ ಉಳಿಗಾಲವಿಲ್ಲ, ಉಗ್ರಾಕ್ಷನ ಬಳಿಗೇ ಹೋಗಬೇಕು. ಅವನ ಕೋಟೆ ಕಾಡಿನಾಚೆ, ಬೋಳುಗುಡ್ಡದ ತಲೆಯ ಮೇಲೆ. ಅಯ್ಯೋ ದೇವರೇ, ಇನ್ನು ಅಷ್ಟು ದೂರ ನಡೆಯಬೇಕೇ ಎಂದು ಧವಳಸೇನನಿಗೆ ಅಳುವೇ ಬಂತು. ಆದರೂ ಚೀಲವನ್ನು ಸೊಂಟಕ್ಕೆ ಕಟ್ಟಿ, ಮಣೆ ಕಂಕುಳಲ್ಲಿಟ್ಟು ಹೊರಟ.

ಕಾಡಿನಲ್ಲಿ ಕಣ್ಣಿಗೆ ಕೈ ಕಾಣದಷ್ಟು ಕತ್ತಲು. ನಡುದಾರಿಯಲ್ಲಿ ಒಂದು ಕರಡಿ ಕನ್ನಡಿ ಹಿಡಿದು ಕುಳಿತಿತ್ತು. ಕನ್ನಡಿಯ ಬೆಳಕಿಗೆ ಅದರ ಕಣ್ಣು ಕೆಂಡದ ಹಾಗಿದ್ದವು.

"ಕತ್ತಲಲ್ಲಿ ಎಡವಿ ಸಾಯ್ತೀಯ. ಈ ಕನ್ನಡಿ ತಗೋ, ಬೆಳಕಾಗುತ್ತೆ," ಎಂದಿತು ಕರಡಿ. "ನಿನ್ನ ಆ ಹಲಗೆ ಏನು ಮಾಡುತ್ತೆ?"

"ಆಡಿಸುತ್ತೆ."

"ಮತ್ತೆ?"

"ಮತ್ತೇನೂ ಇಲ್ಲ."

"ಅಷ್ಟೇನಾ?" ಎಂದು ಕರಡಿ ನಕ್ಕಿತು. ನಗು ಅರ್ಧಕ್ಕೇ ಆಕಳಿಕೆಯಾಯಿತು. ಪಾಪ, ಅದೂ ನಿದ್ದೆಗೆಟ್ಟ ಪ್ರಾಣಿ. "ಸರಿ, ಆಡಿಸು ನೋಡೋಣ."

ಧವಳಸೇನ ಅದರ ಎದುರು ಚಕ್ಕಳಮಕ್ಕಳ ಹಾಕಿ ಕುಳಿತ. ಕರಡಿ ಕನ್ನಡಿಯನ್ನು ಬೋರಲು ಇಟ್ಟಿತು, ಕತ್ತಲಲ್ಲಿ ಬೆರಳಿನಿಂದಲೇ ಗುಳಿ ತಡವಿ ಆಡಿದರು. ಕರಡಿ ಸೋತಿತು, ದಪ್ಪ ಪಂಜದಿಂದ ಮಣೆ ಮಡಚಿತು, ಮಡಚಿದ ಜಾಗದಲ್ಲೇ ಮಗ್ಗುಲಾಗಿ ಗೊರಕೆ ಹೊಡೆಯಿತು. ರಾಜಕುಮಾರ ಅದನ್ನು ದಾಟಿ ಮರಗಳನ್ನು ಮುಟ್ಟಿ ಮುಟ್ಟಿಕೊಂಡು ನಡೆದ.

ಕಾಡು ಮುಗಿದಲ್ಲಿ ದಾರಿ ಕವಲೊಡೆದಿತ್ತು. ಅಲ್ಲಿ ಎರಡು ತಲೆಯ ಗಂಡಭೇರುಂಡ ಕುಳಿತು ಕಿತ್ತಾಡುತ್ತಿತ್ತು. ಕನ್ನಡಿ ಒಂದು, ತಲೆ ಎರಡು. "ನಿಂದಾಯ್ತು, ಕೊಡು!" "ಇದೊಂದು ಮುಗೀಲಿ ಅಂದೆನಲ್ಲಾ!" ಎಂದು ಒಂದನ್ನೊಂದು ಕುಕ್ಕಿಕೊಂಡು ಎರಡರ ಕುತ್ತಿಗೆಯಲ್ಲೂ ಪುಕ್ಕ ಉಳಿದಿರಲಿಲ್ಲ.

"ದಾರಿ ಬೇಕಾ? ಕನ್ನಡಿ ಕೇಳು, ತೋರಿಸುತ್ತೆ," ಎಂದಿತು ಎಡದ ತಲೆ.

"ಆ ಹಲಗೆ ಏನು ಮಾಡುತ್ತೆ?" ಎಂದಿತು ಬಲದ ತಲೆ.

"ಆಡಿಸುತ್ತೆ."

"ಮತ್ತೆ?"

"ಮತ್ತೇನೂ ಇಲ್ಲ. ಆದರೆ ಇಬ್ಬರು ಬೇಕು."

ಎರಡು ತಲೆಗಳೂ ಮುಖ ಮುಖ ನೋಡಿಕೊಂಡವು. ಎಷ್ಟೋ ಕಾಲದಿಂದ ಅವು ಹಾಗೆ ನೋಡಿಕೊಂಡಿರಲಿಲ್ಲ. ಧವಳಸೇನ ಮಣೆಯನ್ನು ಅವುಗಳ ನಡುವೆ ಬಿಚ್ಚಿಟ್ಟು ಬಂಡೆಗೆ ಒರಗಿದ. ಕೊಕ್ಕಿನಲ್ಲಿ ಬೀಜ ಎತ್ತಿ ಎತ್ತಿ ಹಾಕಿ ಎರಡೂ ಆಡಿದವು. ಎಡದ ತಲೆ ಸೋತು ಮಣೆ ಮಡಚಿತು, ಬಲದ ತಲೆ ಅದರ ಕುತ್ತಿಗೆಯ ಮೇಲೆ ತನ್ನ ಕುತ್ತಿಗೆ ಇಟ್ಟಿತು. ಕಣ್ಣು ಮುಚ್ಚುವ ಮೊದಲು, "ಎಡಕ್ಕೆ ಹೋಗಪ್ಪಾ," ಎಂದು ದಾರಿಯನ್ನೂ ಹೇಳಿತು.

ಮೂರನೆಯ ಸಲ ಇನ್ನೂ ಭಾರೀ ಮೃಗ ಬರುತ್ತದೆ ಎಂದುಕೊಂಡಿರಲ್ಲವೇ? ಧವಳಸೇನನೂ ಹಾಗೇ ಅಂದುಕೊಂಡ. ಬೋಳುಗುಡ್ಡದ ಬುಡದಲ್ಲಿ ಮೃಗವಿರಲಿಲ್ಲ. ಒಂದು ಕಲ್ಲಿನ ಮೇಲೆ ಒಂದು ಕನ್ನಡಿ ಬಿದ್ದಿತ್ತು, ಅಷ್ಟೇ. ಅದರೊಳಗಿಂದ ಕೇತಕಿಯ ದನಿ ಬಂತು: "ಅಣ್ಣಾ, ಎಲ್ಲಿದ್ದೀಯಾ?"

ಅವನು ಕನ್ನಡಿ ಎತ್ತಿಕೊಂಡ. ತಪ್ಪು ಎಂದು ಗೊತ್ತಿತ್ತು, ಆದರೆ ಮೈಯಲ್ಲಿ ಬೇಡವೆನ್ನುವ ತ್ರಾಣವಿರಲಿಲ್ಲ. ತಂಗಿಯ ಮುಖ ಒಂದು ಗಳಿಗೆ ಕಂಡಿತು, ಆಮೇಲೆ ಅರಮನೆ ಕಂಡಿತು, ಆಮೇಲೆ ಒಂದು ಜಿಂಕೆ ಓಡಿತು. ಸುಸ್ತಾದವನಿಗೆ ಕುಳಿತಲ್ಲೇ ಜಿಂಕೆ ಓಡಿಸುವುದಕ್ಕಿಂತ ಸುಲಭದ್ದು ಯಾವುದಿದೆ? ಓಡಿಸಿದ, ಓಡಿಸಿದ. ಹೊತ್ತು ಮುಳುಗಿತು, ಹುಟ್ಟಿತು, ಮತ್ತೆ ಮುಳುಗುವುದಕ್ಕೆ ಬಂತು. ಕಾಲು ಜೋಮು ಹಿಡಿದು ಮಗ್ಗುಲು ಬದಲಿಸಿದಾಗ ಸೊಂಟದ ಚೀಲದ ಹುಣಸೆಬೀಜಗಳು ಪಕ್ಕೆಗೆ ಚುಚ್ಚಿದವು. ಹಾ ಎಂದು ತಲೆ ಎತ್ತಿದ. ಎದುರಿಗೆ ಪೂರ್ಣಚಂದ್ರ ಮೇಲೇಳುತ್ತಿದ್ದ.

ತನ್ನ ಮೇಲೆ ತನಗೇ ಅಸಹ್ಯವಾಯಿತು ಅವನಿಗೆ. ತಂಗಿಯನ್ನು ಉಳಿಸಲು ಬಂದವನು ಜಿಂಕೆ ಓಡಿಸುತ್ತ ಕುಳಿತನಲ್ಲ! ಕನ್ನಡಿಯನ್ನು ಕಲ್ಲಿಗೆ ಅಪ್ಪಳಿಸಿ ಗುಡ್ಡ ಹತ್ತಿದ.

ಕೋಟೆಯ ಬಾಗಿಲು ತೆರೆದೇ ಇತ್ತು. ಗೋಡೆಗಳ ತುಂಬ ಕನ್ನಡಿ, ನೆಲದ ತುಂಬ ಭರಣಿ. ಭರಣಿಗಳಲ್ಲಿ ಜನರಿಂದ ಕದ್ದ ನಿದ್ದೆ. ನಡುವೆ ಉಗ್ರಾಕ್ಷ ಕುಳಿತಿದ್ದ. ಅವನ ಕಣ್ಣಿಗೆ ರೆಪ್ಪೆಯೇ ಇರಲಿಲ್ಲ. ಕಣ್ಣಿನ ಸುತ್ತಲಿನ ಕಪ್ಪು ನೋಡಿ ಧವಳಸೇನನಿಗೆ ಭಯಕ್ಕಿಂತ ಮೊದಲು ಅಯ್ಯೋ ಪಾಪ ಅನ್ನಿಸಿತು.

"ಇಷ್ಟು ನಿದ್ದೆ ಇಟ್ಟುಕೊಂಡು ನೀನು ಮಲಗೋದಿಲ್ಲವಾ?"

"ಹಿಡಿಯೋದಿಲ್ಲ," ಎಂದ ಮಾಯಾವಿ. "ಹುಡುಗನಾಗಿದ್ದಾಗ ಒಂದು ಆಟದಲ್ಲಿ ಸೋಲೋದರಲ್ಲಿದ್ದೆ. ಅರ್ಧಕ್ಕೆ ಎದ್ದು ಹೋದೆ. ಅವತ್ತಿಂದ ಕಣ್ಣು ಮುಚ್ಚಿಲ್ಲ. ಕದ್ದು ತಂದು ಕುಡಿದರೂ ಇಲ್ಲ. ಅದಿರಲಿ, ಆ ಹಲಗೆ ಏನು ಮಾಡುತ್ತೆ?"

"ಆಡಿಸುತ್ತೆ. ಮತ್ತೇನೂ ಇಲ್ಲ. ನಾನು ಗೆದ್ದರೆ ಈ ಭರಣಿಗಳನ್ನೆಲ್ಲ ಬಿಡಬೇಕು."

"ಸೋತರೆ ನೀನೇನು ಕೊಡ್ತೀಯ?"

ಧವಳಸೇನ ಯೋಚಿಸಿದ. ಖಡ್ಗ ತಂದಿರಲಿಲ್ಲ, ಕಿರೀಟವೂ ಇರಲಿಲ್ಲ. "ನನ್ನ ಹತ್ತಿರ ಇರೋದು ನನ್ನ ನಿದ್ದೆ. ಮಲಗೋಕೆ ಬಿಡುವೇ ಸಿಗಲಿಲ್ಲ, ವರ್ಷಗಟ್ಟಲೆಯದು ಹಾಗೇ ಉಳಿದಿದೆ. ಆದರೆ ಕಟ್ಟಳೆ ಒಂದಿದೆ. ಸೋತವರು ಮಣೆ ಮಡಚಬೇಕು, ಗೆದ್ದವರು ದೀಪ ಸಣ್ಣ ಮಾಡಬೇಕು."

ಉಗ್ರಾಕ್ಷ ನಾಲಗೆ ಚಪ್ಪರಿಸಿ ಒಪ್ಪಿದ. ಆಟ ಶುರುವಾಯಿತು. ನಾಲ್ಕು ಬೀಜ ಹಾಕುವಷ್ಟರಲ್ಲಿ ಗೋಡೆಯ ಕನ್ನಡಿಯೊಂದು ಕರೆಯಿತು. ಮಾಯಾವಿ ಎದ್ದು ಹೋಗಿ ಬಂದ. "ಯಾರ ಸರದಿ?" "ನಿನ್ನದೇ." ಮತ್ತೊಂದು ಕರೆಯಿತು, ಮತ್ತೆ ಹೋಗಿ ಬಂದ. "ಯಾರ ಸರದಿ?" "ನಿನ್ನದೇ." ಧವಳಸೇನ ತೂಕಡಿಸುತ್ತ ಕಾದ. ಮೂರನೆಯ ಸಲ ಉಗ್ರಾಕ್ಷನ ಮುಷ್ಟಿಯ ತುಂಬ ಬೀಜವಿತ್ತು, ಒಳ್ಳೆಯ ಗುಳಿಯೊಂದು ಕೈಗೆ ಬರುವುದರಲ್ಲಿತ್ತು. ಗೋಡೆಯ ಕನ್ನಡಿಗಳೆಲ್ಲ ಒಟ್ಟಿಗೆ ಕೂಗಿದವು.

"ಸುಮ್ಮನಿರ್ರೋ! ಇದೊಂದು ಮುಗೀಲಿ!" ಎಂದು ಗದರಿದ ಮಾಯಾವಿ, ಕೈ ಬೀಸಿ ಅಷ್ಟೂ ಕನ್ನಡಿಗಳನ್ನು ಗೋಡೆಗೆ ಮುಖ ಮಾಡಿಸಿಬಿಟ್ಟ.

ಅದೇ ಗಳಿಗೆಗೆ ಮಣಿಕೂಟದಲ್ಲಿ ಎಲ್ಲರ ಕೈಯಲ್ಲಿದ್ದ ಕನ್ನಡಿಯೂ ಕಪ್ಪಾಯಿತು. ಒಳಗೆ ಅರ್ಧ ಇಳಿದಿದ್ದ ಕೇತಕಿ ಅಲ್ಲೇ ನಿಂತಳು, ಹೊರಗೂ ಇಲ್ಲ, ಒಳಗೂ ಇಲ್ಲ. ಅಣ್ಣನಿಗೆ ಇದು ಗೊತ್ತಾಗುವುದು ಹೇಗೆ? ಅವನು ರೆಪ್ಪೆ ಬಿಗಿಹಿಡಿದು ಆಡಿದ. ಪ್ರಾಮಾಣಿಕವಾಗಿ ಆಡಿದ. ಕೊನೆಕೊನೆಗೆ ಒಂದು ತೂಕಡಿಕೆ ಬಂತು, ಬೀಜ ತಪ್ಪು ಗುಳಿಗೆ ಬಿತ್ತು, ಉಗ್ರಾಕ್ಷ ಬಾಚಿಕೊಂಡ. ಆಟ ಮುಗಿಯಿತು. ಧವಳಸೇನ ಸೋತ.

ಎಲ್ಲ ಹೋಯಿತು ಎಂದುಕೊಂಡ. ತಂಗಿಯೂ ಹೋದಳು, ನಿದ್ದೆಯೂ ಹೋಯಿತು. ಕಣ್ಣೀರು ಒರೆಸಿಕೊಳ್ಳದೆ ಮಣೆ ಮಡಚಿದ.

ಉಗ್ರಾಕ್ಷ ಗಹಗಹಿಸಿ ನಕ್ಕ, ದೀಪ ಸಣ್ಣ ಮಾಡಿದ, ಕೈ ಚಾಚಿ ಧವಳಸೇನನ ನಿದ್ದೆಯನ್ನು ತೆಗೆದುಕೊಂಡ. ಅದು ಸಾಮಾನ್ಯ ನಿದ್ದೆಯೇ? ಬಾಗಿಲು ತೆಗೆದು, ಒಲೆ ಹಚ್ಚಿ, ಇಡೀ ಊರಿನ ಕೆಲಸ ಹೊತ್ತವನ ವರ್ಷಗಟ್ಟಲೆಯ ನಿದ್ದೆ. ನೆನೆದ ಕಂಬಳಿಯ ಹಾಗೆ ಭಾರವಾಗಿ ಮಾಯಾವಿಯ ಮೇಲೆ ಬಿತ್ತು. ಕದ್ದ ನಿದ್ದೆ ಅವನಿಗೆ ಹಿಡಿದಿರಲಿಲ್ಲ. ಇದು ಮುಗಿದ ಆಟದಲ್ಲಿ ಗೆದ್ದದ್ದು, ಹಿಡಿಯಿತು. ರೆಪ್ಪೆಯಿಲ್ಲದ ಕಣ್ಣಿಗೆ ರೆಪ್ಪೆ ಮೂಡಿತು. "ಇನ್ನೊಂದಾಟ..." ಎಂದ.

"ನಾಳೆ ಆಡೋಣ," ಎಂದ ಧವಳಸೇನ.

ಉಗ್ರಾಕ್ಷ ಮಗುವಿನ ಹಾಗೆ ತಲೆಯಾಡಿಸಿ ಮಲಗಿದ. ಇವತ್ತಿಗೂ ಎದ್ದಿಲ್ಲ.

ರಾಜಕುಮಾರ ಭರಣಿಗಳನ್ನೆಲ್ಲ ಒಡೆದ. ನಿದ್ದೆ ಮೋಡದಂತೆ ಎದ್ದು ಮಣಿಕೂಟದ ಕಡೆಗೆ ಹೋಯಿತು. ಕನ್ನಡಿಗಳೊಳಗೆ ಇಳಿದವರು ಹೊರಗೆ ಬಂದರು, ತೋಟಗಾರನ ಹೆಂಡತಿಯೂ ಬಂದಳು. ಧವಳಸೇನ ಊರು ಮುಟ್ಟಿದಾಗ ಕಾವಲುಗಾರ ಬಾಗಿಲಲ್ಲಿ, ಮಂತ್ರಿ ಮೆಟ್ಟಿಲ ಮೇಲೆ, ರಾಜರಾಣಿಯರು ಸಿಂಹಾಸನದಲ್ಲೇ ಒಬ್ಬರಿಗೊಬ್ಬರು ಒರಗಿ, ಎಲ್ಲರೂ ಮಲಗಿದ್ದರು. ಕೇತಕಿಯೂ ಮಲಗಿದ್ದಳು. ಅವಳ ನೆರಳು ಅವಳ ಪಕ್ಕದಲ್ಲೇ ಬಿದ್ದಿತ್ತು. ಅದನ್ನು ನೋಡಿ ಅವನು ಅಲ್ಲೇ ನೆಲದ ಮೇಲೆ ಕುಳಿತ.

ಆದರೆ ಅವನಿಗೆ ನಿದ್ದೆ ಇರಲಿಲ್ಲ. ಊರು ಎದ್ದಿತು, ತನ್ನ ತನ್ನ ಕೆಲಸಕ್ಕೆ ಹೋಯಿತು. ಈಗ ಧವಳಸೇನನಿಗೆ ಬೇಕಾದಷ್ಟು ಬಿಡುವು, ಮೆತ್ತನೆಯ ಹಾಸಿಗೆ. ಕಣ್ಣು ಮಾತ್ರ ಮುಚ್ಚುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಕೇತಕಿ ಅವನ ಕಣ್ಣು ನೋಡಿಯೇ ತಿಳಿದುಕೊಂಡಳು.

ಒಂದು ಸಂಜೆ ಅವಳು ಮಣೆ ತಂದು ಬಿಚ್ಚಿದಳು. "ಬಾ ಅಣ್ಣಾ, ಒಂದಾಟ. ಕಳೆದುಕೊಂಡ ನಿದ್ದೆಯೆಲ್ಲ ನನಗೆ ಒಟ್ಟಿಗೆ ವಾಪಸು ಬಂದಿದೆ. ಅರ್ಧ ಪಣಕ್ಕಿಡ್ತೀನಿ."

"ಬೇಡಮ್ಮಾ. ನೀನು ಸೋತರೆ?"

"ನಾನು ಯಾವತ್ತು ಸೋತಿದ್ದೀನಿ?"

ಇಬ್ಬರೂ ಆಡಿದರು. ಧವಳಸೇನನ ಗುಳಿಗಳಲ್ಲಿ ಬೀಜ ಹೆಚ್ಚುತ್ತಲೇ ಹೋಯಿತು. ಓರೆಗಣ್ಣಲ್ಲಿ ನೋಡಿದ. ಕೇತಕಿ ಲಂಗದಡಿಯಿಂದ ಬೀಜ ತೆಗೆದು ತೆಗೆದು ಅವನ ಕಡೆಗೆ ಜಾರಿಸುತ್ತಿದ್ದಳು. ಅವನು ಚಿಕ್ಕಂದಿನಲ್ಲಿ ಬಾಯಿ ಬಿಡದ ಹಾಗೆ ಈಗಲೂ ಬಾಯಿ ಬಿಡಲಿಲ್ಲ.

"ಅಯ್ಯೋ, ಸೋತೆ," ಎಂದು ಕೇತಕಿ ಮಣೆ ಮಡಚಿದಳು.

ಗೆದ್ದವನು ದೀಪ ಸಣ್ಣ ಮಾಡಬೇಕಲ್ಲ, ಧವಳಸೇನ ಕೈ ಚಾಚಿದ. ಕೈ ದೀಪದವರೆಗೆ ಹೋಗಲಿಲ್ಲ. ಅರ್ಧದಲ್ಲೇ ನಿದ್ದೆ ಹತ್ತಿತ್ತು. ಕೇತಕಿ ಅವನಿಗೆ ಹೊದಿಸಿ, ದೀಪವನ್ನು ತಾನೇ ಸಣ್ಣ ಮಾಡಿದಳು.

ಮರುದಿನ ಬೆಳಗ್ಗೆ ಅವನನ್ನು ಯಾರೂ ಎಬ್ಬಿಸಲಿಲ್ಲ. ಮಹಾರಾಜ ಪಂಚೆ ಎತ್ತಿ ಕಟ್ಟಿ ತಾನೇ ಹೋಗಿ ಆನೆಗೆ ಮೇವು ಹಾಕಿದ. ಅಂದಿನಿಂದ ಮಣಿಕೂಟದಲ್ಲಿ ದುಡಿಯುವ ಹೊತ್ತಿಗೆ ಎಲ್ಲರೂ ದುಡಿದರು, ಆಡುವ ಹೊತ್ತಿಗೆ ಆಡಿದರು, ಹುಣಸೇಮರ ಎಲೆ ಮಡಚುವ ಹೊತ್ತಿಗೆ ತಾವೂ ಮಣೆ ಮಡಚಿ, ಹೊಟ್ಟೆತುಂಬ ಉಂಡು, ಕಣ್ತುಂಬ ಮಲಗಿ ಸುಖವಾಗಿದ್ದರು.