ಬಾಗುಬೀದಿಯ ಕೋಲಾಟ

ಬಹಳ ಹಿಂದೆ, ಭೂಮಿಯ ಮೇಲೆ ಕತೆ ಹೇಳುವವರೇ ಇಲ್ಲದ ಕಾಲದಲ್ಲಿ, ಆಕಾಶದಲ್ಲಿ ಸುರುಳಿನಾಡು ಎಂಬ ರಾಜ್ಯವಿತ್ತು. ಅಲ್ಲಿನ ಪ್ರಜೆಗಳೆಲ್ಲ ನಕ್ಷತ್ರಗಳು. ಅರಮನೆಯ ಸುತ್ತ ಕೋಲಾಟವಾಡುತ್ತ ತಿರುಗುವುದೇ ಅವರ ಬದುಕು. ನಾಡಿನ ಬಾಗಿದ ಬೀದಿಗಳ ತುಂಬ ಮಂಜಿತ್ತು. ಆ ಮಂಜಿನಿಂದ ಹೊಸ ನಕ್ಷತ್ರಗಳು ಹುಟ್ಟುತ್ತಿದ್ದವು. ರಾಜನೂ ಇದ್ದ. ಆದರೆ ಅವನಿಗೆ ತಾಳ ಬಾರದು, ಹಾಗಾಗಿ ಈ ಕತೆಯಲ್ಲಿ ಅವನಿಗೆ ಕೆಲಸವಿಲ್ಲ.

ಕೋಲಾಟದ ಮುಂದಾಳು ಸಿಂಗಾರಿ. ಅವಳೂ ಅವಳ ತಾತ ನಂಜಯ್ಯನೂ ಬಾಗುಬೀದಿಯವರು. “ನಮ್ಮ ಬೀದಿ ಉಳಿಸ್ಕೋ ಮಗಾ” ಎಂದು ತಾತ ದಿನವೂ ಹೇಳುತ್ತಿದ್ದ. ಅವಳಿಗೂ ಆ ಬೀದಿಯೆಂದರೆ ಪ್ರಾಣ.

ಅರಮನೆಯ ನಡುವಂಗಳದ ಬಾವಿಯಲ್ಲಿ ಕರಿಬಾಯಿ ಎಂಬ ಮಾಂತ್ರಿಕನಿದ್ದ. ತಿರುಗುವವರು ಅವನ ಕೈಗೆ ಸಿಗುತ್ತಿರಲಿಲ್ಲ. ನಿಂತವರು ಜಾರಿ ಅವನ ಬಾಯಿಗೆ ಬೀಳುತ್ತಿದ್ದರು.

ಒಮ್ಮೆ ಪುಟ್ಟದೊಂದು ನಾಡು ತೇಲಿ ಬಂತು. “ಡಿಕ್ಕಿ ಹೊಡೀತದೆ, ನಿಂತ್ಕೊಳ್ಳಿ” ಎಂದು ಕರಿಬಾಯಿ ಕೂಗಿದ.

“ಸಂದು ಬಿಡಿ, ಸುತ್ತು ಬಿಡಬೇಡಿ” ಎಂದಳು ಸಿಂಗಾರಿ. ಬಂದವರು ಸಂದಿನಲ್ಲಿ ನುಸುಳಿ, ಯಾರಿಗೂ ತಾಗದೆ, ಅರಮನೆಯ ಸುತ್ತ ತಿರುಗುತ್ತಲೇ ನೆಲೆಸಿದರು. ನಾಡಿನ ನಡು ತುಸು ಉಬ್ಬಿತು.

ಇನ್ನೊಮ್ಮೆ ಮಂಜು ತುಂಬಿದ ನಾಡು ಬಂತು. ಕರಿಬಾಯಿ ಮತ್ತೆ ಕೂಗಿದ, ಸಿಂಗಾರಿ ಮತ್ತೆ ಸಂದು ಬಿಡಿಸಿದಳು. ನಕ್ಷತ್ರಗಳು ತಾಗಲಿಲ್ಲ, ಮಂಜಿಗೆ ಮಂಜು ಮಾತ್ರ ಡಿಕ್ಕಿ ಹೊಡೆಯಿತು. ಹೊಸ ನಕ್ಷತ್ರಗಳು ಹುಟ್ಟಿ ಮನೆಮನೆಯಲ್ಲೂ ತೊಟ್ಟಿಲು ತೂಗಿದವು.

ಮೂರನೆಯ ಸಲ ಬಂದದ್ದು ಸುರುಳಿನಾಡಿನಷ್ಟೇ ದೊಡ್ಡ ನಾಡು. ಅದರ ಸೆಳೆತಕ್ಕೆ ಬೀದಿಗಳು ಹರಿದು ಚಿಂದಿಯಾಗತೊಡಗಿದವು. “ನಿಂತು ಹಿಡ್ಕೊಂಡ್ರೆ ಬೀದಿ ಉಳೀತದೆ” ಎಂದ ಕರಿಬಾಯಿ, ಈ ಸಲ ಮೆಲ್ಲಗೆ. ಬಾಗುಬೀದಿಯವರು ಕೋಲು ಬಿಸಾಡಿ ಕೈಕೈ ಹಿಡಿದು ನಿಂತರು. ಸಿಂಗಾರಿಯೂ ನಿಂತಳು. ನಿಂತಿದ್ದೇ ತಡ, ಎಲ್ಲರೂ ಬಾವಿಯತ್ತ ಜಾರಿದರು. ಎಲ್ಲರಿಗಿಂತ ಮುಂದೆ ತಾತನಿದ್ದ.

ಆಗ ಬಂದ ನಾಡಿನ ತರುಣನೊಬ್ಬ ಅವಳ ಮುಂದೆ ಕೋಲು ಚಾಚಿದ. “ಹಿಡಿಯಕ್ಕಾ, ತಾಳ ತಪ್ತದೆ.”

ಅವಳು ಹಿಡಿದಳು, ಹೊಡೆದಳು, ತಿರುಗಿದಳು. “ತಾತ, ಬೀದಿ ಹೋದ್ರೆ ಹೋಗ್ಲಿ. ಕೋಲು ಹಿಡಿ.”

“ಬೀದಿ ಹೋದ್ರೆ ನಾವು ಎಲ್ಲಿಯೋರು ಮಗಾ?”

“ಈ ಸುತ್ತಿನೋರು ತಾತ. ಬಾ.”

ತಾತ ಅಳುತ್ತಲೇ ಬಂದವರೊಬ್ಬರು ಚಾಚಿದ ಕೋಲು ಹಿಡಿದ. ಹಿಂದೆಯೇ ಬೀದಿಯವರೆಲ್ಲ ಹಾಗೇ ಕೋಲು ಹಿಡಿದು ತಿರುಗಿದರು. ಬಾಗುಬೀದಿ ಹರಿದೇ ಹೋಯಿತು. ಇದ್ದಬದ್ದ ಮಂಜೆಲ್ಲ ಒಂದೇ ಉಸಿರಿಗೆ ನಕ್ಷತ್ರಗಳಾಗಿ ಹೊತ್ತಿಕೊಂಡು ಮುಗಿಯಿತು. ಒಬ್ಬರೂ ಬೀಳದ್ದರಿಂದ ಕರಿಬಾಯಿ ಕಾದು ಕಾದು, ಬಾಯಿ ಮುಚ್ಚಿ ಮಲಗಿಬಿಟ್ಟ.

ಎರಡು ನಾಡು ಒಂದಾದವು. ನಡು ಉಬ್ಬಿ, ಅಂಚು ತೆಳುವಾಗಿ, ನಾಡು ಚನ್ನಂಗಿ ಕಾಳಿನ ಹಾಗೆ ನುಣುಪಾಯಿತು. ಈಗ ಅಲ್ಲಿ ಬೀದಿಗಳಿಲ್ಲ, ತೊಟ್ಟಿಲು ತೂಗುವುದೂ ಅಪರೂಪ. ಆದರೆ ಹಳಬರ ಹೊಂಬೆಳಕು ನಾಡಿನ ತುಂಬ ಇದೆ.

“ಯಾವ ಬೀದಿಯವರು ತಾತ?” ಎಂದು ಯಾರಾದರೂ ಕೇಳಿದರೆ ನಂಜಯ್ಯ ಕೋಲು ಎತ್ತುತ್ತಾನೆ. “ನಿನ್ನ ಪಕ್ಕದೋನು ಕಣಪ್ಪಾ. ಹೂಂ, ಹೊಡಿ.” ಕೇಳಿದವರು ಹೊಡೆಯುತ್ತಾರೆ, ಸುತ್ತು ಮುಂದಕ್ಕೆ ಹೋಗುತ್ತದೆ, ಎಲ್ಲರೂ ಸುಖವಾಗಿದ್ದಾರೆ.